ಪಾಸು ಕೊಡುವವರು ಯಾರು?

1

ಹೊಸನಗರದಿಂದ ರಾತ್ರಿ ಬಸ್ಸಿಗೆ ಹೊರಟು, ಬೆಳಗಿನ ಜಾವ ಪಟ್ಟಣದಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ನೇರ ಕ್ರೀಡಾಂಗಣದ ಗೇಟಿಗೆ ಬಂದು ನಿಂತಿದ್ದೆ. ಹೆಗಲಲ್ಲಿ ಕಂತಿನ ಮೇಲೆ ಕೊಂಡ ಹಳೆಯ ಕ್ಯಾಮೆರಾ. ಜೇಬಿನಲ್ಲಿ ಸಾಗರದ ಸಣ್ಣ ವಾರಪತ್ರಿಕೆಯೊಂದರ ಸಂಪಾದಕರು ಬರೆದುಕೊಟ್ಟ ಕಾಗದ. ‘ಇವರು ನಮ್ಮ ಪತ್ರಿಕೆಗೆ ಫೋಟೊ ತೆಗೆಯುವವರು, ದಯವಿಟ್ಟು ಅವಕಾಶ ಮಾಡಿಕೊಡಿ’ ಎಂದು ಅದರಲ್ಲಿತ್ತು. ಒಳಗೆ ನಡೆಯುತ್ತಿದ್ದುದು ಹುಡುಗಿಯರ ಕಬಡ್ಡಿ. ಆಡುವವರಲ್ಲಿ ನಮ್ಮ ತಾಲ್ಲೂಕಿನ ಮೂವರಿದ್ದರು. ಅವರಲ್ಲಿ ಒಬ್ಬಳು ನಮ್ಮ ಕೇರಿಯವಳು.

‘ಪಾಸೆಲ್ಲಿ?’ ಅಂದ ಗೇಟಿನವನು.

ಕಾಗದ ತೋರಿಸಿದೆ. ಅವನು ಅದನ್ನು ಓದದೆ ಬ್ಯಾಡ್ಜು ಹಾಕಿಕೊಂಡಿದ್ದ ಒಬ್ಬರನ್ನು ಕರೆದ. ಅವರು ಓದಿದರು. ‘ಯಾವ ಪೇಪರ್ರೀ ಇದು? ಹೆಸರೇ ಕೇಳಿಲ್ಲವಲ್ಲ’ ಅಂದರು. ಆಮೇಲೆ ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ಒಂದು ಸಲ ನೋಡಿದರು. ಆ ನೋಟ ನನಗೆ ಹೊಸದಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿದ ಯಾರಿಗೂ ಅದು ಹೊಸದಲ್ಲ. ‘ಪ್ರೆಸ್ಸಿನ ಜಾಗ ತುಂಬಿದೆ. ಗ್ಯಾಲರಿಗೆ ಹೋಗಿ ಕೂತ್ಕೊಳ್ಳಿ. ಕ್ಯಾಮೆರಾ ಮಾತ್ರ ಹೊರಗೆ ತೆಗೀಬಾರದು’ ಅಂದರು.

ನಾನು ಗ್ಯಾಲರಿಗೆ ಹೋಗಲಿಲ್ಲ. ಹಿಂದುಗಡೆ ತಂತಿಬೇಲಿ ಇತ್ತು, ಅದಕ್ಕೆ ಲೆನ್ಸು ಒತ್ತಿ ಹಿಡಿದು ಒಂದೂವರೆ ಗಂಟೆ ನಿಂತೆ. ನಮ್ಮ ಕೇರಿಯ ಹುಡುಗಿ ಮೂವರನ್ನು ಮುಟ್ಟಿ, ನಾಲ್ಕನೆಯವಳ ಕೈ ತಪ್ಪಿಸಿಕೊಂಡು ನಡುಗೆರೆಗೆ ಹಾರಿದ್ದು ನನ್ನ ಕ್ಯಾಮೆರಾಕ್ಕೆ ಸಿಕ್ಕಿತು. ಆದರೆ ಅವಳ ಮುಖದ ಮೇಲೆ ತಂತಿಯ ಗೆರೆ ಅಡ್ಡ ಬಿದ್ದಿತ್ತು. ‘ಬೇಲಿ ಕಾಣ್ತದೆ ಮಾರಾಯ, ಹಾಕಕ್ಕೆ ಬರಲ್ಲ’ ಅಂದರು ಸಂಪಾದಕರು. ಹಾಕಲಿಲ್ಲ. ಮರುದಿನದ ದೊಡ್ಡ ಪತ್ರಿಕೆಗಳಲ್ಲಿ ಬಹುಮಾನ ಕೊಟ್ಟ ಮಂತ್ರಿಗಳ ಚಿತ್ರ ಇತ್ತು. ಅವಳದಿರಲಿಲ್ಲ.

ಇದನ್ನು ದೂರು ಎಂದು ಬರೆಯುತ್ತಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಉಂಡವರು ಈ ಪತ್ರಿಕೆಯ ಓದುಗರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂದು ಬೇಲಿಯ ಹೊರಗೆ ನಿಂತಾಗ ನನ್ನೊಳಗೆ ಎದ್ದ ಒಂದು ಪ್ರಶ್ನೆ ಇವತ್ತಿನವರೆಗೂ ಬಿಟ್ಟಿಲ್ಲ. ನೋಡುವುದಕ್ಕೆ, ನೋಡಿದ್ದನ್ನು ನಾಲ್ಕು ಜನಕ್ಕೆ ತೋರಿಸುವುದಕ್ಕೆ, ಅಪ್ಪಣೆ ಕೊಡುವ ಹಕ್ಕು ಯಾರದು? ಗೇಟಿನವನದೋ, ಸಂಘದ್ದೋ, ಸರ್ಕಾರದ್ದೋ? ಅಥವಾ ಇವರ್ಯಾರೂ ಅಲ್ಲದ ಇನ್ನೊಬ್ಬರದೋ?

2

ಮೊದಲು ಪಾಸಿನ ಪರವಾಗಿಯೇ ಮಾತಾಡುತ್ತೇನೆ. ಎದುರು ಪಕ್ಷದ ವಾದವನ್ನು ಪೂರ್ತಿ ಹೇಳದೆ ಬೈಯುವುದು ಸುಲಭ, ಆದರೆ ಅದು ನ್ಯಾಯವಲ್ಲ.

ಕಬಡ್ಡಿ ಅಂಕಣದ ಗೆರೆಗೆ ತಾಗಿಕೊಂಡು ನೂರು ಜನ ಕ್ಯಾಮೆರಾ ಹಿಡಿದು ಕೂತರೆ ಆಟ ನಡೆಯುವುದಿಲ್ಲ. ರೈಡಿಗೆ ಬಂದವಳನ್ನು ನಾಲ್ವರು ಸೇರಿ ಹೊರಗೆ ನೂಕಿದಾಗ ಅವಳು ಬಂದು ಬೀಳುವುದು ಫೋಟೊದವನ ಮೊಣಕಾಲಿನ ಮೇಲೆ. ಶಟ್ಲ್ ಆಡುವವರ ಕಣ್ಣಿಗೆ ಫ್ಲ್ಯಾಷ್ ಹೊಡೆದರೆ ಆಟ ಕೆಡುತ್ತದೆ. ಈಟಿ ಎಸೆಯುವ ಜಾಗದಲ್ಲಿ ಮೈಮರೆತು ನಿಂತರೆ ಜೀವವೇ ಹೋಗಬಹುದು. ಆದ್ದರಿಂದ ಇಂತಿಷ್ಟು ಜನ, ಇಂಥಲ್ಲೇ ಕೂರಬೇಕು ಎಂಬ ಕಟ್ಟಳೆ ಬೇಕು. ಒಲಿಂಪಿಕ್ಸಿನಲ್ಲಿ ಫೋಟೊದವರಿಗೆಂದೇ ಬೇರೆ ಗುರುತಿನ ಕಾರ್ಡು ಇದೆ. ಪ್ರತಿ ದೇಶಕ್ಕೂ ಇಷ್ಟೇ ಎಂದು ಲೆಕ್ಕ ಇದೆ. ಆ ಲೆಕ್ಕವನ್ನು ಆಯಾ ದೇಶದ ಒಲಿಂಪಿಕ್ ಸಮಿತಿ ಹಂಚುತ್ತದೆ. ಕಾರ್ಡಿನ ಗುರುತು ನೋಡಿಯೇ ಇವನು ಎಲ್ಲಿಯವರೆಗೆ ಬರಬಹುದು ಎಂದು ಕಾವಲಿನವರು ಹೇಳುತ್ತಾರೆ.

ನಮ್ಮಲ್ಲಿ ವಾರ್ತಾ ಇಲಾಖೆ ಪತ್ರಕರ್ತರಿಗೆ ಮಾನ್ಯತೆಯ ಕಾರ್ಡು ಕೊಡುತ್ತದೆ. ಆದರೆ ಆಟದ ಅಂಗಳಕ್ಕೆ ಅದೊಂದೇ ಸಾಲದು. ಪಂದ್ಯ ನಡೆಸುವ ಸಂಘ ಬೇರೆ ಪಾಸು ಕೊಡಬೇಕು. ಅದಕ್ಕೆ ಮುಂಚಿತವಾಗಿ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಪತ್ರಿಕೆಯ ಹೆಸರಿರುವ ಕಾಗದದ ಮೇಲೆ ಸಂಪಾದಕರ ಪತ್ರ, ಗುರುತಿನ ಚೀಟಿ, ಹಿಂದೆ ಅಚ್ಚಾದ ಚಿತ್ರಗಳು ಬೇಕು. ಕೇಳಲಿಕ್ಕೆ ಎಲ್ಲ ಸರಿಯಾಗಿಯೇ ಇದೆ.

ಆದರೆ ನೋಡಿ ಗೆಳೆಯರೇ, ಗಂಟು ಇಲ್ಲೇ ಇದೆ. ಹಿಂದೆ ಚಿತ್ರ ಅಚ್ಚಾಗಿದ್ದರೆ ಪಾಸು. ಪಾಸಿದ್ದರೆ ಮಾತ್ರ ಅಚ್ಚಾಗುವಂಥ ಚಿತ್ರ. ಬೇಲಿಯ ಹೊರಗಿನಿಂದ ತೆಗೆದದ್ದರಲ್ಲಿ ಬೇಲಿ ಕಾಣುತ್ತದೆ, ಅದು ಅಚ್ಚಾಗುವುದಿಲ್ಲ. ಅಚ್ಚಾಗದವನಿಗೆ ಪಾಸಿಲ್ಲ. ನಮ್ಮವರಿಗೆ ಈ ಸುತ್ತು ಹಳೆಯದು. ಓದು ಬಾರದವರಿಗೆ ಶಾಲೆಯಲ್ಲಿ ಏನು ಕೆಲಸ ಅಂದರು, ಶಾಲೆಗೆ ಹೋಗದವರಿಗೆ ಓದು ಹೇಗೆ ಬರಬೇಕು ಅಂತ ಯಾರೂ ಕೇಳಲಿಲ್ಲ.

ನನ್ನಪ್ಪನಿಗೆ ಪಾಸು ಎಂಬ ಶಬ್ದ ಗೊತ್ತಿರಲಿಲ್ಲ, ಅದರ ಅರ್ಥ ಮಾತ್ರ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಡಿಕೆ ತೋಟದ ಒಡೆಯರ ಮನೆಗೆ ಅವನು ದಣಪೆ ದಾಟಿ ಹೋಗುತ್ತಿದ್ದ. ಅಂಗಳದ ಮೂಲೆಯವರೆಗೆ ಅವನಿಗೆ ಅಪ್ಪಣೆ. ಜಗುಲಿ ಬೇರೆ ಜಾತಿಯ ಒಕ್ಕಲುಗಳಿಗೆ. ನಡುಮನೆ ನೆಂಟರಿಗೆ. ಅಡುಗೆಮನೆ ಮನೆಯವರಿಗೆ. ಕೊರಳಲ್ಲಿ ಕಾರ್ಡು ಯಾರಿಗೂ ಇರಲಿಲ್ಲ. ಹುಟ್ಟೇ ಕಾರ್ಡು. ‘ಅಲ್ಲೇ ನಿಂತ್ಕ’ ಎಂಬ ಮಾತು ಬಾಯಿಂದ ಬರಬೇಕಾದ್ದೂ ಇರಲಿಲ್ಲ, ಅಪ್ಪ ತಾನೇ ನಿಲ್ಲುತ್ತಿದ್ದ. ಗೇಟಿನ ಹತ್ತಿರ ನನ್ನ ಕಾಲೂ ತಾನಾಗಿ ನಿಂತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಆಚೆ ದೂಡುವ ಮೊದಲೇ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ಹಾಗಾದರೆ ಪಾಸೇ ಬೇಡ ಅನ್ನೋಣವೇ? ಇದಕ್ಕೆ ಉತ್ತರವನ್ನು ನಮ್ಮ ಸೀಮೆಯ ರೈತರು 1951ರಲ್ಲೇ ಹೇಳಿದ್ದಾರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ಜೊತೆ ಎದ್ದು ನಿಂತಾಗ ಜಗಳದ ಮೂಲ ಕೊಳಗದಲ್ಲಿತ್ತು. ಗೇಣಿ ಅಳೆಯುವ ಒಡೆಯರ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದು. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ, ದೇಶವೇ ತಿರುಗಿ ನೋಡಿದ ಆ ಸತ್ಯಾಗ್ರಹದ ಮೊದಲ ಮಾತು ಅಳೆಯಲೇಬೇಡಿ ಎಂಬುದಾಗಿರಲಿಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂಬುದಾಗಿತ್ತು. ಅಳತೆ ತಪ್ಪಲ್ಲ. ಕೊಳಗ ಒಬ್ಬರ ಮನೆಯ ಅಟ್ಟದ ಮೇಲಿರುವುದು ತಪ್ಪು. ಪಾಸಿನ ಮಾತೂ ಇಷ್ಟೆ. ಅಂಗಳದಲ್ಲಿ ಇಪ್ಪತ್ತೇ ಜನಕ್ಕೆ ಜಾಗ ಇದ್ದರೆ ಇಪ್ಪತ್ತೇ ಜನ ಕೂರಲಿ. ಆದರೆ ಆ ಇಪ್ಪತ್ತನ್ನು ಅಳೆದ ಕೊಳಗ ಯಾವುದು? ಅದನ್ನು ಎಲ್ಲರೆದುರು ಇಡುತ್ತೀರಾ?

3

ಆಟದ ಅಂಗಳ ಎಲ್ಲರದು, ಅಲ್ಲಿ ಜಾತಿ ಇಲ್ಲ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಪಾಲ್ವಂಕರ್ ಬಾಲೂ ಅವರ ಕತೆಯನ್ನು ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಜಾತಿಯ ಈ ಮನುಷ್ಯ ಪುಣೆಯ ಕ್ಲಬ್ಬಿನಲ್ಲಿ ಅಂಕಣಕ್ಕೆ ರೋಲರ್ ಎಳೆಯುತ್ತ, ನೆಟ್ ಕಟ್ಟುತ್ತ, ಬಿಳಿ ಅಧಿಕಾರಿಗಳಿಗೆ ಅಭ್ಯಾಸಕ್ಕೆ ಚೆಂಡು ಹಾಕುತ್ತ ದೇಶದ ದೊಡ್ಡ ಸ್ಪಿನ್ ಬೌಲರ್ ಆದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಅವರು ಎಸೆದ ಚೆಂಡನ್ನು ಪುಣೆಯ ಮೇಲ್ಜಾತಿಯ ಆಟಗಾರರು ಹಿಡಿದರು, ಅವರ ಬೆರಳು ತಾಗಿದ ಚೆಂಡನ್ನೇ ತಮ್ಮ ಷರಾಯಿಗೆ ಉಜ್ಜಿದರು. ಚಹದ ಹೊತ್ತಿಗೆ ಮಾತ್ರ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ ಬಾಲೂ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಅವರನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲೇ ಇಲ್ಲ. ತಮ್ಮ ವಿಠ್ಠಲ್ ನಾಯಕರಾದದ್ದು 1923ರಲ್ಲಿ.

ಬಾಲೂಗೆ ಅಂಗಳಕ್ಕೆ ಪಾಸು ಸಿಕ್ಕಿತ್ತು, ಪೆವಿಲಿಯನ್ನಿಗೆ ಸಿಗಲಿಲ್ಲ. ದುಡಿಯುವ ಜಾಗಕ್ಕೆ ನಮ್ಮವರಿಗೆ ಯಾವತ್ತೂ ಪಾಸು ಬೇಕಾಗಿಲ್ಲ. ಕೂರುವ ಜಾಗ, ಮಾತಾಡುವ ಜಾಗ, ನೋಡಿ ತೀರ್ಪು ಹೇಳುವ ಜಾಗ, ಇವಕ್ಕೆ ಮಾತ್ರ ಪಾಸು. ಹೊಸನಗರ, ತೀರ್ಥಹಳ್ಳಿ ಕಡೆಯ ಕಬಡ್ಡಿ ತಂಡಗಳನ್ನು ನೋಡಿ. ಆಡುವ ಮಕ್ಕಳಲ್ಲಿ ದೀವರು, ಹಸಲರು, ನಮ್ಮ ಕೇರಿಗಳವರು ತುಂಬಿದ್ದಾರೆ. ಅವರ ಆಟವನ್ನು ಹೇಳುವ, ಬರೆಯುವ, ತೋರಿಸುವ ಜಾಗದಲ್ಲಿ ಅವರು ಎಷ್ಟು ಜನ ಇದ್ದಾರೆ? ಒಂದು ಬೆಳಿಗ್ಗೆ ಕೂತು ಎಣಿಸಿ ನೋಡಿ.

ಇದು ಬಡವರ ಸಂಕಟ ಮಾತ್ರವೂ ಅಲ್ಲ. 2012ರ ನವೆಂಬರಿನಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ಕ್ರಿಕೆಟ್ ಮಂಡಳಿ ಗೆಟ್ಟಿ ಇಮೇಜಸ್ ಮುಂತಾದ ಫೋಟೊ ಸಂಸ್ಥೆಗಳಿಗೆ ಅಂಗಳದೊಳಗೆ ಅವಕಾಶ ಕೊಡಲಿಲ್ಲ. ಅದನ್ನು ಪ್ರತಿಭಟಿಸಿ ರಾಯ್ಟರ್ಸ್, ಎಪಿ, ಎಎಫ್‌ಪಿಯಂಥ ದೊಡ್ಡ ಸುದ್ದಿಸಂಸ್ಥೆಗಳು ಆ ಪಂದ್ಯಗಳ ಚಿತ್ರ ಕಳಿಸುವುದನ್ನೇ ನಿಲ್ಲಿಸಿದವು. ಅಂದರೆ ಕೋಟಿಗಳ ಒಡೆಯರಿಗೂ ಗೇಟು ಮುಚ್ಚುತ್ತದೆ. ವ್ಯತ್ಯಾಸ ಇಷ್ಟೆ: ಅವರಿಗೆ ಗೇಟು ಮುಚ್ಚಿದಾಗ ಜಗತ್ತಿಗೆ ಸುದ್ದಿಯಾಗುತ್ತದೆ. ನಮಗೆ ಮುಚ್ಚಿದಾಗ ಗೇಟಿನವನಿಗೂ ನೆನಪಿರುವುದಿಲ್ಲ.

ಆಟ ಯಾರ ಆಸ್ತಿ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ 1995ರಲ್ಲಿ ಕೋರ್ಟು, ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತು. ದೇಶಕ್ಕೆ ಮುಖ್ಯವಾದ ಪಂದ್ಯಗಳ ಪ್ರಸಾರವನ್ನು ಖಾಸಗಿ ಚಾನೆಲ್ಲಿನವರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕೆಂದು 2007ರಲ್ಲಿ ಕಾನೂನೂ ಆಯಿತು. ಗಾಳಿಯಲ್ಲಿ ಹೋಗುವ ಅಲೆ ಎಲ್ಲರದಾದರೆ, ಆಡುವ ಹುಡುಗಿಯ ಮೈಮೇಲೆ ಬಿದ್ದು ನನ್ನ ಕಣ್ಣಿಗೆ ಬರುವ ಬೆಳಕು ಯಾರದು? ಅದಕ್ಕೆ ಗುತ್ತಿಗೆ ಕೊಟ್ಟವರು ಯಾರು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ದೇವಸ್ಥಾನಕ್ಕೆ ಮಾತ್ರ ಸಲ್ಲುವುದಿಲ್ಲ.

4

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಒಂದು ಬೇಡಿಕೆಯ ಪತ್ರವಾಗುತ್ತಿತ್ತು. ನಮಗೂ ಪಾಸು ಕೊಡಿ ಅಂತ ಕೂಗಿ ಮುಗಿಸಬಹುದಿತ್ತು. ಆದರೆ ಪ್ರಶ್ನೆಗೆ ಇನ್ನೊಂದು ಮಗ್ಗುಲು ಇದೆ. ಅದು ನನ್ನನ್ನೇ ಇರಿಯುತ್ತದೆ.

ಕ್ರಿಕೆಟ್ ಆಟಗಾರನ ಚಿತ್ರ ತೆಗೆಯಲು ಇಷ್ಟು ಗೇಟು, ಇಷ್ಟು ಕಾಗದ. ಬಡವರ ಚಿತ್ರ ತೆಗೆಯಲು ಯಾವ ಗೇಟಿದೆ?

ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಹೆಸರಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮಿಂದು ಬಟ್ಟೆಯಿಲ್ಲದೆ ಗುಡಿಗೆ ನಡೆಯುತ್ತಿದ್ದವರಲ್ಲಿ ಬಹಳ ಮಂದಿ ನಮ್ಮ ಕೇರಿಗಳ ಬಡ ಹೆಂಗಸರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ಅವರ ಬಟ್ಟೆ ಕಿತ್ತು ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಇದೆಲ್ಲ ಈ ಪತ್ರಿಕೆ ಓದುವವರಿಗೆ ಗೊತ್ತಿರುವುದೇ. ನಾನು ಕೇಳುವುದು ಬೇರೆ. ಆ ನದಿಯ ದಡದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವವನಿಗೆ ‘ಪಾಸೆಲ್ಲಿ?’ ಎಂದು ಕೇಳುವ ಗೇಟಿನವನು ಒಬ್ಬನಾದರೂ ಇದ್ದನೇ? ಆಟಗಾರನ ಅಂಗಿಯ ಮೇಲಿನ ಕಂಪನಿಯ ಹೆಸರಿಗೆ ಇರುವ ಕಾವಲು ಆ ತಾಯಂದಿರ ಮೈಗೆ ಇರಲಿಲ್ಲ.

ಘಟ್ಟದ ಕೆಳಗೆ ಕಂಬಳ ನಡೆಯುತ್ತದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಚಿತ್ರ ಜಗತ್ತನ್ನೇ ಸುತ್ತಿತು. ಯಾರೋ ಕೂತು ಲೆಕ್ಕ ಹಾಕಿ 100 ಮೀಟರಿಗೆ 9.55 ಅಂದರು. ಉಸೇನ್ ಬೋಲ್ಟನ 9.58ಕ್ಕಿಂತ ಕಡಿಮೆ ಅಂತ ಹೊತ್ತು ಮೆರೆಸಿದರು. ಕೇಂದ್ರದ ಮಂತ್ರಿಗಳು ಪರೀಕ್ಷೆಗೆ ಕರೆದರು. ಆ ಮನುಷ್ಯ ಹೋಗಲಿಲ್ಲ. ಓಡಿದ್ದರಲ್ಲಿ ಕೋಣಗಳ ಪಾಲು ದೊಡ್ಡದು, ಕಂಬಳದ ಓಟವೇ ಬೇರೆ ಎಂಬರ್ಥದ ಮಾತಾಡಿದರು. ಇಡೀ ಗದ್ದಲದಲ್ಲಿ ಬುದ್ಧಿ ಸ್ಥಿಮಿತದಲ್ಲಿದ್ದುದು ಚಿತ್ರದೊಳಗಿನ ಆ ಮನುಷ್ಯನಿಗೇ ಅನ್ನಿಸುತ್ತದೆ. ಅವರು ಏನು ಆಗಬೇಕು ಎಂಬುದನ್ನು ಚಿತ್ರ ನೋಡಿದವರೆಲ್ಲ ತೀರ್ಮಾನಿಸಿ ಆಗಿತ್ತು.

ಅದೇ ಕಂಬಳದ ಗದ್ದೆಯಲ್ಲಿ ಇನ್ನೊಂದು ಓಟ ಇತ್ತು. ಕರ್ನಾಟಕ ಸರ್ಕಾರ 2000ದಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಮಾಡಿತು. ಅಜಲು ಎಂದರೆ ಏನು ಎಂದು ಹೇಳುವಾಗ ಆ ಕಾನೂನು, ಕಂಬಳ ಶುರುವಾಗುವ ಮುಂಚೆ ಕೊರಗರನ್ನು ಕೋಣಗಳ ಹಾಗೆ ಓಡಿಸುವುದನ್ನೂ ಹೆಸರಿಸಿದೆ. ಕಾನೂನಿನಲ್ಲಿ ಬರೆದು ನಿಷೇಧಿಸಬೇಕಾಯಿತು ಎಂದರೆ ಅದು ಎಷ್ಟು ಸಲೀಸಾಗಿ ನಡೆದಿರಬೇಕು! ಆ ಓಟಕ್ಕೆ ಸೆಕೆಂಡಿನ ಲೆಕ್ಕ ಇಟ್ಟವರಿಲ್ಲ.

ಹೀಗಿದೆ ನಮ್ಮ ನೋಟದ ವ್ಯವಸ್ಥೆ. ಬೆಲೆಯಿದ್ದ ಮೈಗೆ ಬೇಲಿ. ಬೆಲೆಯಿಲ್ಲವೆಂದುಕೊಂಡ ಮೈ ಬಯಲು.

5

ಈಗ ನನ್ನ ತಪ್ಪಿನ ಮಾತು.

ಗೇಟಿನಿಂದ ವಾಪಸು ಬಂದ ಮರುವರ್ಷ, ಮಳೆಗಾಲ. ನಮ್ಮ ಹೋಬಳಿಯ ಹತ್ತಿರ ಕೆಸರುಗದ್ದೆ ಆಟ ಇಟ್ಟಿದ್ದರು. ನಟ್ಟಿಗೆ ಹದ ಮಾಡಿದ ಗದ್ದೆ, ಮೊಣಕಾಲು ಮುಳುಗುವ ಕೆಸರು, ಗದ್ದೆಯ ಅಂಚಿನ ಮೇಲೆ ಕೊಡೆ ಹಿಡಿದ ಜನ. ಹುಡುಗಿಯರ ಓಟದಲ್ಲಿ ನಮ್ಮ ಕೇರಿಯ ಅವಳೂ ಇದ್ದಳು. ಬೇಲಿಯ ಹಿಂದೆ ನನಗೆ ಸಿಕ್ಕೂ ಸಿಗದೆ ಹೋದವಳು. ಮುಂದಿದ್ದಳು. ಗುರಿ ಹತ್ತಿರ ಬಂದಾಗ ಜಾರಿ ಬಿದ್ದಳು. ಎದ್ದಾಗ ಅಂಗಿ ಹರಿದು, ಮೈಗೆಲ್ಲ ಕೆಸರು ಮೆತ್ತಿ, ಅಳುತ್ತಿದ್ದಳು. ನಾನು ಎರಡು ಮಾರು ದೂರದಲ್ಲಿದ್ದೆ. ಅಲ್ಲಿ ಪಾಸು ಕೇಳುವವರು ಯಾರೂ ಇರಲಿಲ್ಲ. ಒತ್ತಿದೆ.

ಚಿತ್ರ ಬಹಳ ಚೆನ್ನಾಗಿ ಬಂತು. ಈ ಸಲ ಬೇಲಿ ಕಾಣುತ್ತಿರಲಿಲ್ಲವಲ್ಲ! ಸಂಪಾದಕರು ಮುಖಪುಟದಲ್ಲಿ ಹಾಕಿದರು. ‘ಮಣ್ಣಿನ ಮಗಳು’ ಅಂತ ಕೆಳಗೆ ಬರೆದರು. ಆ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕಾಲೇಜಿನ ಹುಡುಗರು ಅದಕ್ಕೆ ಏನೇನೋ ಮಾತು ಸೇರಿಸಿದರು. ಬಸ್ಸಿನಲ್ಲಿ ಅವಳನ್ನು ಕಂಡರೆ ‘ಮಣ್ಣಿನ ಮಗಳು ಬಂದ್ಲು’ ಅಂತ ಕೂಗಿದರು. ಅವಳು ಆಟದ ಅಂಗಳಕ್ಕೆ ಬರುವುದನ್ನು ಬಿಟ್ಟಳು.

ಒಂದು ಸಂಜೆ ಅವಳ ಅವ್ವ ನಮ್ಮ ಮನೆಗೆ ಬಂದಳು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಕೂರು ಅಂದರೆ ಕೂರಲಿಲ್ಲ. ‘ಅಲ್ಲ ತಮ್ಮಾ, ಆ ಪ್ಯಾಟೇಲಿ ನಿನ್ನ ಒಳಗೆ ಬಿಡ್ಲಿಲ್ಲ ಅಂತ ಒಂದು ವರ್ಷ ಕೇರೀಲೆಲ್ಲ ಹೇಳ್ಕಂಡು ತಿರುಗಿದ್ಯಲ, ನನ್ನ ಮಗಳ ಹತ್ರ ಒಂದು ಮಾತು ಕೇಳಿದ್ಯಾ? ಅದು ಅಳ್ತಿರ್ಬೇಕಾರೆ ಕೈ ಕೊಟ್ಟು ಎಬ್ಸದು ಬಿಟ್ಟು ಅದ್ನ ಹಿಡ್ಕಂಡು ನಿಂತಿದ್ಯಲ. ಗೌಡ್ರ ಮನೆ ಹುಡುಗಿ ಬಿದ್ದಿದ್ರೆ ತೆಗೀತಿದ್ಯಾ?’

ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ತೆಗೆಯುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಜಾತಿಯವಳ ಮೈ ನನಗೂ ಬಯಲೇ ಆಗಿತ್ತು. ಗೇಟಿನಲ್ಲಿ ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದವರ ಕಣ್ಣು ಮತ್ತು ನನ್ನ ಲೆನ್ಸು ಆ ಹೊತ್ತಿನಲ್ಲಿ ಒಂದೇ ಕೆಲಸ ಮಾಡಿದ್ದವು. ಶೋಷಣೆಯ ಬಗ್ಗೆ ಬಾಯಿಪಾಠ ಹೇಳುವುದು ಸುಲಭ. ಅದು ನಮ್ಮ ಬೆರಳ ತುದಿಯಲ್ಲಿ ಕೂತಿರುವುದನ್ನು ಕಾಣುವುದು ಕಷ್ಟ.

6

ಇದನ್ನು ಹೇಳಿದಾಗ ತೀರ್ಥಹಳ್ಳಿಯಲ್ಲಿ ಒಬ್ಬ ವಿದ್ಯಾರ್ಥಿ ಗೆಳೆಯ ಸರಿಯಾದ ಆಕ್ಷೇಪಣೆ ಎತ್ತಿದ. ‘ಹಂಗಾದ್ರೆ ಎಲ್ಲದಕ್ಕೂ ಕೇಳಿಯೇ ತೆಗೀಬೇಕಾ? ಕೂಲಿಯವನನ್ನ ಮರಕ್ಕೆ ಕಟ್ಟಿ ಹೊಡೀತಿರೋ ಒಡೆಯನ ಹತ್ರ ಅಪ್ಪಣೆ ಕೇಳ್ತೀಯಾ? ಅವನು ಕೊಡ್ತಾನಾ? ಕೇಳ್ಕೊಂಡು ಕೂತರೆ ಅನ್ಯಾಯದ ಸಾಕ್ಷಿಯೇ ಉಳಿಯಲ್ಲ.’

ಅವನ ಮಾತು ನಿಜ. ಅಮೆರಿಕದ ಬಾಸ್ಟನ್ನಿನಲ್ಲಿ 1967ರ ಏಪ್ರಿಲ್‌ನಲ್ಲಿ ಮ್ಯಾರಥಾನ್ ನಡೆಯಿತು. ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಇಲ್ಲದ ಕಾಲ. ಕ್ಯಾಥ್ರಿನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ 261ನೆಯ ನಂಬರು ಕಟ್ಟಿಕೊಂಡು ಓಡುತ್ತಿದ್ದಳು. ಓಟದ ಅಧಿಕಾರಿಯೊಬ್ಬ ಹಿಂದಿನಿಂದ ಬಂದು ಅವಳ ನಂಬರು ಕೀಳಲು ಕೈ ಹಾಕಿದ. ಮುಂದೆ ಹೋಗುತ್ತಿದ್ದ ಪತ್ರಕರ್ತರ ಲಾರಿಯಿಂದ ಫೋಟೊದವರು ಅದನ್ನು ಹಿಡಿದರು. ಅವರು ಅಧಿಕಾರಿಗಳ ಅಪ್ಪಣೆ ಪಡೆದೇ ಅಲ್ಲಿದ್ದವರು. ಆದರೆ ಅವರ ಕ್ಯಾಮೆರಾ ಅಪ್ಪಣೆಯಿಲ್ಲದೆ ಓಡಿದವಳ ಪರ ಸಾಕ್ಷಿ ಹೇಳಿತು. ಆ ಓಟಕ್ಕೆ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ. ಪಾಸು ಪಡೆದವರೆಲ್ಲ ಪಾಸು ಕೊಟ್ಟವರ ಆಳುಗಳಾಗಬೇಕಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಆದ್ದರಿಂದ ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ಅಪ್ಪಣೆ ಕೇಳಬೇಕಾದ್ದು ಕೈ ಎತ್ತಿದವನನ್ನಲ್ಲ, ಆ ಕೈಯ ಕೆಳಗಿರುವವನನ್ನು. ಮರೆಮಾಚಿ ಅನ್ಯಾಯ ಮಾಡುವವನಿಗೆ ಮರೆಯ ಹಕ್ಕಿಲ್ಲ. ನೋವುಂಡವನಿಗೆ ತನ್ನ ನೋವಿನ ಮೇಲೆ ಹಕ್ಕಿದೆ. ಹೊಡೆತ ಬೀಳುವಾಗ ಕೇಳಲು ಹೊತ್ತಿರುವುದಿಲ್ಲ, ಒಪ್ಪಿದೆ. ಆಗ ತೆಗೆ. ಆದರೆ ಅಚ್ಚಿಗೆ ಕೊಡುವ ಮುಂಚೆ ಕೇಳಲು ಹೊತ್ತು ಇದ್ದೇ ಇರುತ್ತದೆ. ಅವನ ಮುಂದೆ ಆ ಚಿತ್ರ ಇಟ್ಟು, ‘ಇದನ್ನು ಊರಿಗೆ ತೋರಿಸಲೇ?’ ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಲು ನಿನಗಾಗದಿದ್ದರೆ ಆ ಚಿತ್ರದಲ್ಲಿ ಏನೋ ಕಳ್ಳತನ ಇದೆ ಎಂದೇ ಲೆಕ್ಕ.

ನೋಡಿಸಿಕೊಳ್ಳುವವರೇ ಪಾಸು ಕೊಟ್ಟ ಉದಾಹರಣೆ ಬೇಕೆ? 1968ರ ಅಕ್ಟೋಬರ್ 16, ಮೆಕ್ಸಿಕೊ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ ಗೆದ್ದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಎಂಬ ಇಬ್ಬರು ಕರಿಯ ಓಟಗಾರರು ಬೂಟು ಬಿಚ್ಚಿ, ಕಪ್ಪು ಕಾಲುಚೀಲದಲ್ಲಿ ಕಟ್ಟೆ ಹತ್ತಿ, ಕಪ್ಪು ಕೈಗವಸಿನ ಮುಷ್ಟಿ ಎತ್ತಿದರು. ಎರಡನೆಯವನಾಗಿ ಬಂದ ಆಸ್ಟ್ರೇಲಿಯಾದ ಬಿಳಿಯ ಪೀಟರ್ ನಾರ್ಮನ್ ಅವರ ಪರವಾಗಿ ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ನಿಂತ. ಸುತ್ತ ಕ್ಯಾಮೆರಾಗಳಿವೆ ಎಂದು ಅವರಿಗೆ ಗೊತ್ತಿತ್ತು. ತಮ್ಮ ಜನರ ಬಡತನ, ತಮ್ಮ ಜನರ ಬಲ ಎರಡನ್ನೂ ಹೇಗೆ ತೋರಿಸಬೇಕೆಂದು ಅವರೇ ತೀರ್ಮಾನಿಸಿದರು. ಒಲಿಂಪಿಕ್ಸಿನವರು ಸ್ಮಿತ್ ಮತ್ತು ಕಾರ್ಲೋಸರನ್ನು ಕೂಟದಿಂದ ಹೊರಹಾಕಿಸಿದರು. ಚಿತ್ರವನ್ನು ಹೊರಹಾಕಲು ಆಗಲಿಲ್ಲ. ಕೆಸರಿನಲ್ಲಿ ಅಳುತ್ತಿದ್ದ ಹುಡುಗಿಗೆ ನಾನು ಆ ತೀರ್ಮಾನವನ್ನು ಬಿಟ್ಟುಕೊಟ್ಟಿರಲಿಲ್ಲ. ಎರಡು ಚಿತ್ರಗಳ ನಡುವಿನ ಅಂತರ ಅಷ್ಟೆ, ಅಷ್ಟು.

7

ಹಾಗಾದರೆ ಏನು ಮಾಡಬೇಕು? ಎರಡೂ ಕೆಲಸ ಒಟ್ಟಿಗೆ ಮಾಡಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಅರ್ಧ ಸತ್ಯ.

ಗೇಟಿನ ಎದುರು ಜಗಳ ಆಡಲೇಬೇಕು. ತಾಲ್ಲೂಕು, ಜಿಲ್ಲೆ, ರಾಜ್ಯದ ಪಂದ್ಯಗಳಲ್ಲಿ ಪಾಸು ಯಾರಿಗೆ, ಯಾವ ಲೆಕ್ಕದಲ್ಲಿ ಎಂಬುದನ್ನು ಕನ್ನಡದಲ್ಲಿ ಬರೆದು ಬೋರ್ಡಿಗೆ ಹಚ್ಚಲಿ. ಸಣ್ಣ ಪತ್ರಿಕೆಗೆ, ಹಳ್ಳಿಯಿಂದ ಬಂದವರಿಗೆ, ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳಿಗೆ ಇಷ್ಟು ಜಾಗ ಅಂತ ಮೊದಲೇ ತೆಗೆದಿಡಲಿ. ಇಲ್ಲ ಅನ್ನುವುದಾದರೆ ಕಾರಣವನ್ನು ಬರೆದುಕೊಡಲಿ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಪಾಸು ಯಾಕೆ ಬೇಕು ಅನ್ನುವವರಿದ್ದಾರೆ. ಗ್ಯಾಲರಿಯ ತುದಿಯಲ್ಲಿ ಕೂತು ಮೊಬೈಲಿನಲ್ಲಿ ತೆಗೆದರೆ ಆಟಗಾರ್ತಿ ಇರುವೆಯಷ್ಟು ಕಾಣುತ್ತಾಳೆ. ಹತ್ತಿರದ ಜಾಗ ಇನ್ನೂ ಹತ್ತಿರದವರಿಗೇ ಇದೆ. ಮೇಷ್ಟ್ರುಗಳು ಶಾಲೆಯ ಕ್ರೀಡಾಕೂಟದಲ್ಲಿ ಒಂದು ದಿನ ಮಕ್ಕಳ ಕೈಗೇ ಕ್ಯಾಮೆರಾ ಕೊಡಲಿ. ಬಹುಮಾನ ಕೊಡುವವರ ಚಿತ್ರ ಬಿಟ್ಟು ಮಕ್ಕಳು ಏನು ತೆಗೆಯುತ್ತಾರೆ ಎಂಬುದನ್ನು ನೋಡಲಿ.

ಎರಡನೆಯ ಕೆಲಸ ನಮ್ಮದೇ. ಗೇಟು ಇಲ್ಲದಲ್ಲಿ ನಾವೇ ಒಂದು ಗೆರೆ ಎಳೆದುಕೊಳ್ಳಬೇಕು. ಆಡುವವರನ್ನು ಕೇಳಬೇಕು, ತೆಗೆದದ್ದನ್ನು ಅವರಿಗೆ ತೋರಿಸಬೇಕು, ಒಂದು ಪ್ರತಿ ಅವರ ಮನೆಗೆ ಮುಟ್ಟಿಸಬೇಕು. ಅವರು ಒಪ್ಪಿದರೆ ಅವರ ಹೆಸರನ್ನೇ ಹಾಕಬೇಕು. ‘ಗ್ರಾಮೀಣ ಪ್ರತಿಭೆ’, ‘ಮಣ್ಣಿನ ಮಗಳು’ ಅಂತ ಬರೆದು ಹೆಸರು ನುಂಗಬಾರದು. ಪಾಸನ್ನು ಸಂಘ ಅಚ್ಚು ಹಾಕಿಸಬಹುದು, ಸರ್ಕಾರ ಸೀಲು ಒತ್ತಬಹುದು. ಅದರ ಮೇಲೆ ರುಜು ಹಾಕಬೇಕಾದ ಕೈ ಮಾತ್ರ ಆಡುವವಳದು. ಅವಳ ರುಜು ಇಲ್ಲದ ಪಾಸು, ಯಾರೇ ಕೊಟ್ಟಿರಲಿ, ಒಡೆಯನ ಕೊಳಗವೇ.

ಪಟ್ಟಣದ ಆ ಕ್ರೀಡಾಂಗಣಕ್ಕೆ ನನಗೆ ಇವತ್ತಿಗೂ ಪಾಸು ಸಿಕ್ಕಿಲ್ಲ. ಪ್ರತಿ ಸಲ ಅರ್ಜಿ ಹಾಕುತ್ತಿದ್ದೇನೆ, ಮುಂದೆಯೂ ಹಾಕುತ್ತೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಇತ್ತು. ಆಟ ಶುರುವಾಗುವ ಮುಂಚೆ ಎರಡೂ ತಂಡದ ಹುಡುಗಿಯರ ಹತ್ತಿರ ಹೋಗಿ ಕೇಳಿದೆ. ಎಲ್ಲರೂ ನಗುತ್ತ ಹೂಂ ಅಂದರು. ಒಬ್ಬಳು ಮಾತ್ರ, ‘ನಂದು ಬೇಡ ಅಣ್ಣ’ ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

ಅಂದು ರಾತ್ರಿ ಕೊನೆಯ ರೈಡಿಗೆ ಹೋದವಳು ಅವಳೇ. ತಂಡ ಎರಡು ಪಾಯಿಂಟ್ ಹಿಂದಿತ್ತು. ಮೂವರನ್ನು ಮುಟ್ಟಿ, ಇಬ್ಬರು ಕಾಲು ಹಿಡಿದಿದ್ದರೂ ಎಳೆದುಕೊಂಡು ಬಂದು, ನಡುಗೆರೆಗೆ ಬೆರಳು ತಾಗಿಸಿದಳು. ನನ್ನಿಂದ ಎರಡು ಮಾರು ದೂರ. ದೀಪದ ಬೆಳಕು ಅವಳ ಮುಖದ ಮೇಲೆ ನೇರ ಬಿದ್ದಿತ್ತು. ನಡುವೆ ಬೇಲಿ ಇರಲಿಲ್ಲ.

ಕ್ಯಾಮೆರಾ ನನ್ನ ತೊಡೆಯ ಮೇಲಿತ್ತು. ನಾನು ಚಪ್ಪಾಳೆ ಹೊಡೆದೆ.